ವಾರಂಟಿ ಮುಗಿದ್ರೆ ಬಾಳಿಕೆ ಮುಗೀತಾ?

ನಮ್ಮ ಅಜ್ಜಿಯಂದಿರ ಬಾಯಲ್ಲಿ ವಾರಂಟಿ ಅನ್ನೋ ಮಾತೇ ಇರಲಿಲ್ಲ. ಅವರು ಕೇಳ್ತಿದ್ದದ್ದು ಒಂದೇ: "ಬಾಳಿಕೆ ಬರುತ್ತೇನಪ್ಪಾ?" ಹಿತ್ತಾಳೆ ಪಾತ್ರೆ ತಗೊಂಡ್ರೂ ಅದೇ ಪ್ರಶ್ನೆ, ರೇಷ್ಮೆ ಸೀರೆ ತಗೊಂಡ್ರೂ ಅದೇ, ಕೊಡೆ ತಗೊಂಡ್ರೂ ಅದೇ. ಅಂಗಡಿಯವರು "ಬರುತ್ತಮ್ಮ, ಮೊಮ್ಮಕ್ಕಳ ಕಾಲಕ್ಕೂ ಇರುತ್ತೆ" ಅನ್ನೋರು. ಆ ಮಾತಿಗೆ ಚೀಟಿ ಇರ್ತಿರಲಿಲ್ಲ, ತಾರೀಖೂ ಇರ್ತಿರಲಿಲ್ಲ. ಈಗ ನಾವು "ಎಷ್ಟು ವರ್ಷ ವಾರಂಟಿ?" ಅಂತ ಕೇಳ್ತೀವಿ, ಅವರು "ಒಂದು ವರ್ಷ ಮೇಡಂ" ಅಂತಾರೆ. ಒಂದು ವರ್ಷದ ಮೇಲೆ ಒಂದು ವಾರಕ್ಕೆ ಆ ಸಾಮಾನು ಕೆಟ್ಟರೆ, ನಮ್ಮ ಹಣೆಬರಹ ಅಂತ ಸುಮ್ಮನಾಗಿಬಿಡ್ತೀವಿ.

ಬಾಳಿಕೆ ಅನ್ನೋ ಮಾತು ಹೋಗಿ ವಾರಂಟಿ ಅನ್ನೋ ಮಾತು ಹೇಗೆ ಬಂತು ಅಂತ ನೋಡೋಕೆ ನಮ್ಮ ಮೈಸೂರಿನ ಮನೆಗಳಲ್ಲಿ ಹಾಡೋ ಪೆಟ್ಟಿಗೆಗಳ ಕಥೆಯೇ ಸಾಕು. ರೇಡಿಯೋದಿಂದ ಶುರುವಾಗಿ ಕಂಪ್ಯೂಟರ್ ಪಕ್ಕದ ಪುಟ್ಟ ಸ್ಪೀಕರ್ ತನಕ ಆ ಕಥೆ ಬರುತ್ತೆ. ವಾರಂಟಿ ಮುಗಿದಿದೆಯೋ ಇಲ್ಲವೋ ಅನ್ನೋ ಹೊತ್ತಿನಲ್ಲಿ ಸ್ಪೀಕರ್ ಕೈಕೊಟ್ಟರೆ ಏನು ಮಾಡಬಹುದು ಅನ್ನೋದೂ ಈ ಕಥೆಯಲ್ಲೇ ಸಿಗುತ್ತೆ.

ಹಿಂದಿನ ರಟ್ಟು ಬಿಚ್ಚಿದರೆ

ಶಿವನಸಮುದ್ರದಲ್ಲಿ 1902ರಲ್ಲಿ ತಯಾರಾದ ಕರೆಂಟು ಮೊದಲು ಹೋದದ್ದು ಕೋಲಾರದ ಚಿನ್ನದ ಗಣಿಗೆ. ಮೈಸೂರಿಗೆ ಕರೆಂಟು ದೀಪ ಬಂದದ್ದು 1908ರಲ್ಲಿ. ಅದಾದ ಮೇಲೆ ಇಪ್ಪತ್ತೇಳು ವರ್ಷಕ್ಕೆ, 1935ರ ಸೆಪ್ಟೆಂಬರ್ 10ನೇ ತಾರೀಖು, ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರ ಹೇಳಿಕೊಡುತ್ತಿದ್ದ ಡಾ. ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆ 'ವಿಠಲ ವಿಹಾರ'ದಿಂದಲೇ ರೇಡಿಯೋ ಪ್ರಸಾರ ಶುರು ಮಾಡಿದರು. ಆಗ ಅವರ ಹತ್ತಿರ ಇದ್ದದ್ದು 30 ವಾಟಿನ ಪ್ರಸಾರ ಯಂತ್ರ. ನಮ್ಮ ಮನೆಯ ಹಳೇ ಉದ್ದದ ಟ್ಯೂಬ್‌ಲೈಟಿಗೇ 40 ವಾಟ್ ಬೇಕಿತ್ತು ಅಂದ್ರೆ ಅದು ಎಷ್ಟು ಚಿಕ್ಕದು ಅಂತ ಲೆಕ್ಕ ಹಾಕಿಕೊಳ್ಳಿ. ಆಮೇಲೆ 250 ವಾಟಿನದು ಬಂತು. 'ಆಕಾಶವಾಣಿ' ಅನ್ನೋ ಹೆಸರು ಹುಟ್ಟಿದ್ದೂ ಈ ಮೈಸೂರಿನ ನಿಲಯದಲ್ಲೇ. ಅದನ್ನ ಸೂಚಿಸಿದವರು ನಾ. ಕಸ್ತೂರಿಯವರು ಅಂತ ಹೇಳ್ತಾರೆ. ಮುಂದೆ ಇಡೀ ದೇಶದ ರೇಡಿಯೋಗೆ ಅದೇ ಹೆಸರಾಯ್ತು. 1940ರ ದಶಕದ ಶುರುವಿನಲ್ಲಿ ಮೈಸೂರು ಸರ್ಕಾರ ನಿಲಯವನ್ನು ವಹಿಸಿಕೊಂಡಿತು. 1955ರಲ್ಲಿ ಅದು ಬೆಂಗಳೂರಿಗೆ ಹೋಯಿತು. ಮೈಸೂರಿಗೆ ಮತ್ತೆ ನಿಲಯ ಬಂದದ್ದು 1974ರಲ್ಲಿ. ಈಗ ಯಾದವಗಿರಿಯಲ್ಲಿ ಇರೋದು ಅದೇ.

ಆ ಕಾಲದ ರೇಡಿಯೋ ಸೆಟ್ಟು ಅಂದ್ರೆ ಮರದ ದೊಡ್ಡ ಪೆಟ್ಟಿಗೆ. ಗುಂಡಿ ತಿರುಗಿಸಿದ ಕೂಡಲೇ ಮಾತಾಡ್ತಿರಲಿಲ್ಲ, ಒಳಗಿನ ವಾಲ್ವ್‌ಗಳು ಕಾಯೋ ತನಕ ಕಾಯಬೇಕು. ಹಿಂದೆ ತೂತು ತೂತಿನ ರಟ್ಟು ಇರ್ತಿತ್ತು. ನಾಲ್ಕು ತಿರುಪು ಬಿಚ್ಚಿದ್ರೆ ಒಳಗಿನ ಸಂಸಾರ ಪೂರ್ತಿ ಕಾಣ್ತಿತ್ತು. ವಾಲ್ವ್‌ಗಳು ದೀಪದ ಬಲ್ಬಿನ ಹಾಗೆ ಗೂಡಿನಲ್ಲಿ ಕೂತಿರ್ತಿದ್ವು. ಒಂದು ಸುಟ್ಟುಹೋದ್ರೆ ಅದನ್ನ ಕಿತ್ತು ಹೊಸದು ಕೂರಿಸಿದ್ರೆ ಆಯ್ತು. ಯಾಕೆ ಹಾಗೆ ಮಾಡಿದ್ರು? ವಾಲ್ವ್ ಸುಟ್ಟುಹೋಗೋದು ಖಂಡಿತ ಅಂತ ತಯಾರು ಮಾಡಿದವರಿಗೇ ಗೊತ್ತಿತ್ತು, ಅದಕ್ಕೆ. ಕೆಡುತ್ತೆ ಅಂತ ಒಪ್ಪಿಕೊಂಡು, ಸರಿ ಮಾಡೋಕೆ ದಾರಿ ಬಿಟ್ಟು ಮಾಡಿದ ಸಾಮಾನು ಅದು.

ಸ್ಪೀಕರ್ ಕಥೆಯೂ ಹಾಗೇ. ಅಮೆರಿಕದಲ್ಲಿ 1925ರಲ್ಲಿ ರೈಸ್ ಮತ್ತು ಕೆಲಾಗ್ ಅನ್ನೋ ಇಬ್ಬರು ಎಂಜಿನಿಯರುಗಳು ಒಂದು ಸ್ಪೀಕರ್‌ನ ವಿವರ ಪ್ರಕಟಿಸಿದರು: ಒಂದು ಅಯಸ್ಕಾಂತ, ಅದರ ಮಧ್ಯೆ ಅಲ್ಲಾಡೋ ಸಣ್ಣ ತಂತಿಯ ಸುರುಳಿ, ಸುರುಳಿಗೆ ಅಂಟಿದ ಕಾಗದದ ಆಲಿಕೆ. ಕರೆಂಟು ಏರಿಳಿದ ಹಾಗೆ ಸುರುಳಿ ಅಲ್ಲಾಡುತ್ತೆ, ಆಲಿಕೆ ಗಾಳಿಯನ್ನು ತಳ್ಳುತ್ತೆ, ನಮಗೆ ಹಾಡು ಕೇಳುತ್ತೆ. ಇವತ್ತು ನಿಮ್ಮ ಮನೆಯ ಕಂಪ್ಯೂಟರ್ ಸ್ಪೀಕರ್ ಬಿಚ್ಚಿದ್ರೂ ಹೆಚ್ಚೂ ಕಡಿಮೆ ಅದೇ ಕಾಣುತ್ತೆ. ಆಲಿಕೆಯನ್ನು ಜಿರಲೆ ತಿಂದ್ರೆ, ಇಲಿ ಕಡಿದ್ರೆ ರೇಡಿಯೋದವರು ತೆಳು ಕಾಗದ ಅಂಟಿಸಿ ತೇಪೆ ಹಾಕ್ತಿದ್ರು. ಪೂರ್ತಿ ಹರಿದಿದ್ರೆ ಹೊಸ ಆಲಿಕೆ ಕೂರಿಸ್ತಿದ್ರು. ಸುರುಳಿ ಸುಟ್ಟಿದ್ರೆ ಬೇರೆ ಸುರುಳಿ. ದೇವಸ್ಥಾನದ ಮೈಕಿನವರು, ಆರ್ಕೆಸ್ಟ್ರಾದವರು ಇವತ್ತಿಗೂ ದೊಡ್ಡ ಸ್ಪೀಕರ್‌ಗಳನ್ನ ಹೀಗೇ ಸರಿ ಮಾಡಿಸ್ತಾರೆ.

ಆಗ ರೇಡಿಯೋ ಇಟ್ಟುಕೊಳ್ಳೋಕೆ ಪೋಸ್ಟಾಫೀಸಿನಲ್ಲಿ ವರ್ಷ ವರ್ಷ ಲೈಸೆನ್ಸ್ ಹಣ ಕಟ್ಟಬೇಕಿತ್ತು. ಅದಕ್ಕೊಂದು ಪುಟ್ಟ ಪುಸ್ತಕ. 1980ರ ದಶಕದ ನಡುವಿನಲ್ಲಿ ಆ ಲೈಸೆನ್ಸ್ ರದ್ದಾಯ್ತು. ನಮ್ಮ ದೊಡ್ಡಮ್ಮಂದಿರಿಗೆ ಆ ಪುಸ್ತಕ ಇನ್ನೂ ನೆನಪಿರುತ್ತೆ, ಕೇಳಿ ನೋಡಿ. ಕೇಳೋ ಹಕ್ಕಿಗೆ ಪ್ರತಿವರ್ಷ ದುಡ್ಡು ಕೊಡಬೇಕಿತ್ತು, ಆದ್ರೆ ಸೆಟ್ಟು ಮಾತ್ರ ವರ್ಷಕ್ಕೆ ಮುಗಿದುಹೋಗ್ತಿರಲಿಲ್ಲ. ಎರಡು ತಲೆಮಾರು ಕೇಳ್ತಿತ್ತು.

ಅಂಗಡಿಯವರ ಮಾತಿನಿಂದ ಕಂಪನಿಯ ಕಾಗದಕ್ಕೆ

ಮುಂಚೆ ಸಾಮಾನು ಮಾಡಿದವರೂ ಮಾರಿದವರೂ ನಮ್ಮ ಕಣ್ಣ ಮುಂದೆಯೇ ಇರ್ತಿದ್ರು. ಪಾತ್ರೆ ಸೋರಿದ್ರೆ ಅದೇ ಅಂಗಡಿಗೆ ಹೋಗಿ ಮುಖ ಕೊಟ್ಟು ಕೇಳಬಹುದಿತ್ತು. ರೇಡಿಯೋ ಎಲ್ಲೋ ದೂರದ ಕಾರ್ಖಾನೆಯಲ್ಲಿ ತಯಾರಾಗಿ ಬರುವಾಗ ಅದು ಸಾಧ್ಯ ಇರಲಿಲ್ಲ. ಅದಕ್ಕೇ ಪೆಟ್ಟಿಗೆಯೊಳಗೆ ಗ್ಯಾರಂಟಿ ಕಾರ್ಡು ಅಂತ ಒಂದು ಕಾಗದ ಬಂತು. ಅಂಗಡಿಯವರು ಅದಕ್ಕೆ ಸೀಲು ಹೊಡೆದು ತಾರೀಖು ಹಾಕಿ ಕೊಡೋರು. ಮನೆಯವರು ಅದನ್ನ ಬೀರುವಿನಲ್ಲಿ ಜಾತಕದ ಕಟ್ಟಿನ ಜೊತೆ ಇಡೋರು.

ಇಲ್ಲಿ ಒಂದು ಸೂಕ್ಷ್ಮ ಇದೆ, ನಿಧಾನವಾಗಿ ಓದಿ. 1930ರಲ್ಲಿ ಬ್ರಿಟಿಷ್ ಇಂಡಿಯಾದಲ್ಲಿ ಸರಕು ಮಾರಾಟ ಕಾಯ್ದೆ ಅಂತ ಬಂತು. ಅದು ಇವತ್ತಿಗೂ ನಮ್ಮ ದೇಶದಲ್ಲಿ ಜಾರಿಯಲ್ಲಿದೆ. ಕೊಳ್ಳುವವರು ನೋಡಿಕೊಂಡು ಕೊಳ್ಳಬೇಕು ಅನ್ನೋದು ಅದರ ಮೂಲ ನಿಯಮ. ಆದ್ರೆ 16ನೇ ಕಲಂನಲ್ಲಿ ಅದಕ್ಕೆ ವಿನಾಯಿತಿಗಳಿವೆ. ನೀವು ಯಾವ ಕೆಲಸಕ್ಕೆ ಅಂತ ಹೇಳಿ, ಆ ಸಾಮಾನಿನ ವ್ಯಾಪಾರ ಮಾಡೋರ ಮಾತು ನಂಬಿ ತಗೊಂಡಿದ್ರೆ, ಅದು ಆ ಕೆಲಸಕ್ಕೆ ಒದಗೋ ಹಾಗೆ ಇರಬೇಕು. ಮಾರಾಟಕ್ಕೆ ಯೋಗ್ಯವಾದ ಗುಣಮಟ್ಟದಲ್ಲಿ ಇರಬೇಕು. ಬಿಲ್ಲಿನಲ್ಲಿ ಬರೆಯದಿದ್ರೂ, ಬಾಯಲ್ಲಿ ಹೇಳದಿದ್ರೂ ಈ ಷರತ್ತು ಇದ್ದೇ ಇದೆ ಅಂತ ಕಾನೂನು ತಿಳಿಯುತ್ತೆ. ಮೇಲೆ ನೋಡಿದ್ರೆ ಕಾಣೋ ದೋಷಕ್ಕೆ, ನೀವು ನೋಡಿ ತಗೊಂಡಿದ್ರೆ, ಈ ರಕ್ಷಣೆ ಇಲ್ಲ. ಒಳಗೆ ಅಡಗಿರೋ ದೋಷಕ್ಕೆ ಇದೆ.

ಅಂದ್ರೆ ಕಂಪನಿ ಕೊಡೋ ಒಂದು ವರ್ಷದ ವಾರಂಟಿ ಕಾನೂನು ಕೊಟ್ಟದ್ದಲ್ಲ. ಅದು ಕಂಪನಿ ತಾನಾಗಿ ಆಡೋ ಮಾತು. ಎಷ್ಟು ದಿನ, ಯಾವುದಕ್ಕೆ ಉಂಟು, ಯಾವುದಕ್ಕಿಲ್ಲ ಅಂತ ಗೆರೆ ಎಳೆಯೋರು ಅವರೇ. ನಮ್ಮ ದೇಶದಲ್ಲಿ ಇಂಥ ಸಾಮಾನಿಗೆ ಇಷ್ಟು ವರ್ಷ ವಾರಂಟಿ ಕೊಡಲೇಬೇಕು ಅಂತ ಎಲ್ಲದಕ್ಕೂ ಒಪ್ಪೋ ಕಾನೂನು ಇಲ್ಲ. ಯುರೋಪಿನ ಒಕ್ಕೂಟದ ದೇಶಗಳಲ್ಲಿ 1999ರ ನಿರ್ದೇಶನದಿಂದ ಕೊಂಡ ಸಾಮಾನಿಗೆ ಕನಿಷ್ಠ ಎರಡು ವರ್ಷದ ಖಾತರಿ ಕಾನೂನಿನಲ್ಲೇ ಬಂತು. ಅಮೆರಿಕದಲ್ಲಿ 1975ರಲ್ಲಿ ಬಂದ ವಾರಂಟಿ ಕಾಯ್ದೆ ಇನ್ನೊಂದು ಮಾತು ಹೇಳುತ್ತೆ: ಬೇರೆ ಕಡೆ ರಿಪೇರಿ ಮಾಡಿಸಿದ್ರಿ ಅನ್ನೋ ಒಂದೇ ಕಾರಣಕ್ಕೆ ವಾರಂಟಿ ಇಲ್ಲ ಅನ್ನೋ ಹಾಗಿಲ್ಲ. ಜರ್ಮನಿಯಲ್ಲಿರೋ ಸೋದರತ್ತೆ ಮಗಳು ಎರಡನೇ ವರ್ಷದಲ್ಲಿ ಮಿಕ್ಸಿ ಬದಲಾಯಿಸಿಕೊಂಡಳು ಅಂದ್ರೆ ಅದು ಅವಳ ಜಾಣತನ ಮಾತ್ರ ಅಲ್ಲ, ಅಲ್ಲಿನ ಕಾನೂನೂ ಅವಳ ಜೊತೆಗಿದೆ.

ಟ್ರಾನ್ಸಿಸ್ಟರ್, ಟೂ ಇನ್ ಒನ್, ಆಮೇಲೆ ಕಂಪ್ಯೂಟರ್

1947ರ ಕೊನೆಯಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಟ್ರಾನ್ಸಿಸ್ಟರ್ ಹುಟ್ಟಿತು. ನಮ್ಮಲ್ಲಿ 1960ರ ದಶಕದಲ್ಲಿ ಬೆಂಗಳೂರಿನ ಬಿಇಎಲ್ ರೇಡಿಯೋ ವಾಲ್ವ್‌ಗಳನ್ನೂ ಟ್ರಾನ್ಸಿಸ್ಟರ್‌ಗಳನ್ನೂ ಮಾಡೋಕೆ ಶುರು ಮಾಡಿತು. ಮರದ ಪೆಟ್ಟಿಗೆ ಹೋಗಿ ಅಡುಗೆಮನೆ ಗೂಡಿನಲ್ಲಿ ಕೂರೋ ಪುಟ್ಟ ರೇಡಿಯೋ ಬಂತು. 1957ರಲ್ಲಿ ಶುರುವಾಗಿದ್ದ ವಿವಿಧ ಭಾರತಿ ಕೇಳ್ತಾ ಒಗ್ಗರಣೆ ಹಾಕಿದವರು ನಮ್ಮ ಅಮ್ಮಂದಿರು. ಟ್ರಾನ್ಸಿಸ್ಟರ್ ವಾಲ್ವಿನ ಹಾಗೆ ಕೈಯಲ್ಲಿ ಕಿತ್ತು ಹಾಕೋದಲ್ಲ, ಬೆಸುಗೆ ಬಿಡಿಸಿ ಹಾಕಬೇಕು. ಆದ್ರೂ ಬೆಸುಗೆ ಕಡ್ಡಿ ಹಿಡಿದ ರಿಪೇರಿಯವರು ಪೇಟೆ ಪೇಟೆಯಲ್ಲೂ ಇದ್ದರು. 1970, 80ರ ದಶಕಗಳಲ್ಲಿ ಟೇಪ್ ರೆಕಾರ್ಡರೂ ರೇಡಿಯೋವೂ ಸೇರಿದ ಟೂ ಇನ್ ಒನ್ ಬಂತು. ಬೆಲ್ಟು ಸಡಿಲ ಆದ್ರೆ ಹಾಡು ಎಳೆಯುತ್ತೆ, ತಲೆಗೆ ಕೊಳೆ ಕೂತ್ರೆ ಧ್ವನಿ ಮಂಕಾಗುತ್ತೆ ಅನ್ನೋದು ಮನೆ ಹೆಂಗಸರಿಗೆಲ್ಲ ಗೊತ್ತಿತ್ತು. ಹತ್ತಿಗೆ ಸ್ಪಿರಿಟ್ ಅದ್ದಿ ಒರೆಸಿ ತಾವೇ ಸರಿ ಮಾಡೋರು. ಗಲ್ಫಿಗೋ ಅಮೆರಿಕಕ್ಕೋ ಹೋದ ಮಕ್ಕಳು ಕ್ಯಾಸೆಟ್ಟಿನಲ್ಲಿ ಮಾತು ತುಂಬಿ ಕಳಿಸ್ತಿದ್ದ ಕಾಲ ಅದು. ಟೇಪು ಕೆಟ್ಟರೆ ಮಗನ ದನಿಯೇ ನಿಂತುಹೋಗ್ತಿತ್ತು.

1990ರ ದಶಕದಲ್ಲಿ ಮೈಸೂರಿನ ಮನೆಗಳಿಗೆ ಕಂಪ್ಯೂಟರ್ ಒಂದೊಂದಾಗಿ ಬಂತು. ಹಳೇ ಕಂಪ್ಯೂಟರಿಗೆ ಒಳಗೇ ಒಂದು ಪುಟ್ಟ ಸ್ಪೀಕರ್ ಇತ್ತು, ಬೀಪ್ ಅನ್ನೋದು ಬಿಟ್ಟರೆ ಹೆಚ್ಚೇನೂ ಮಾಡ್ತಿರಲಿಲ್ಲ. 1989ರಲ್ಲಿ ಸೌಂಡ್ ಬ್ಲಾಸ್ಟರ್ ಅನ್ನೋ ಕಾರ್ಡು ಬಂದ ಮೇಲೆ, ಆಮೇಲೆ ಸಿಡಿ ಬಂದ ಮೇಲೆ, ಕಂಪ್ಯೂಟರಿಗೆ ಹೊರಗಿನ ಎರಡು ಸ್ಪೀಕರ್ ಬೇಕಾದವು. ಅಂಗಡಿಯಲ್ಲೇ ಬಿಡಿಭಾಗ ಜೋಡಿಸಿ ಕೊಡೋ ಅಸೆಂಬಲ್ಡ್ ಕಂಪ್ಯೂಟರ್ ಕಾಲದಲ್ಲಿ ಮಾನಿಟರ್, ಕೀಬೋರ್ಡಿನ ಜೊತೆ ಸ್ಪೀಕರ್ ಪುಕ್ಕಟೆ ಅಂತ ಕೊಡೋರು. ಪುಕ್ಕಟೆ ಬಂದದ್ದಕ್ಕೆ ಬಿಲ್ಲಿನಲ್ಲಿ ಸಾಲೇ ಇರ್ತಿರಲಿಲ್ಲ. "ತೆರಿಗೆ ಉಳಿಯುತ್ತೆ" ಅಂತ ಬಿಳಿ ಚೀಟಿಯಲ್ಲಿ ಲೆಕ್ಕ ಬರೆದು ಕೊಟ್ಟವರೂ ಇದ್ದರು. ಆ ಚೀಟಿಗೆ ವಾರಂಟಿ ಎಲ್ಲಿಂದ ಬರಬೇಕು? ಸ್ಪೀಕರ್ ಅಂದ್ರೆ ಕೆಟ್ಟರೆ ಬಿಸಾಕೋದು ಅನ್ನೋ ಅಭ್ಯಾಸ ಶುರುವಾದದ್ದು ಇಲ್ಲಿಂದಲೇ ಅಂತ ನನಗೆ ಅನ್ನಿಸುತ್ತೆ.

ಆಮೇಲೆ ಬಂದವುಗಳಲ್ಲಿ ತಿರುಪೇ ಕಾಣಲ್ಲ. ಪ್ಲಾಸ್ಟಿಕ್ಕಿಗೆ ಪ್ಲಾಸ್ಟಿಕ್ ಅಂಟಿಸಿರ್ತಾರೆ, ತಿರುಪು ಇದ್ರೂ ರಬ್ಬರ್ ಪಾದದ ಕೆಳಗೆ ಬಚ್ಚಿಟ್ಟಿರ್ತಾರೆ. ಬ್ಲೂಟೂತ್ ಸ್ಪೀಕರ್ ಆದ್ರೆ ಒಳಗೆ ಬ್ಯಾಟರಿ ಬೇರೆ. ಬ್ಯಾಟರಿಯ ಆಯಸ್ಸು ಮುಗಿದ್ರೆ ಸ್ಪೀಕರ್ ಗಟ್ಟಿಮುಟ್ಟಾಗಿದ್ರೂ ಪ್ರಯೋಜನ ಇಲ್ಲ. ಸಾಮಾನಿನ ಆಯಸ್ಸನ್ನು ಮಾಡೋರೇ ಗೊತ್ತು ಮಾಡೋದು ಹೊಸದೇನಲ್ಲ. 1924ರಲ್ಲಿ ಜಿನೀವಾದಲ್ಲಿ ದೊಡ್ಡ ದೊಡ್ಡ ಬಲ್ಬು ಕಂಪನಿಗಳು ಸೇರಿ, ಬಲ್ಬು 1,000 ಗಂಟೆ ಉರಿದರೆ ಸಾಕು ಅನ್ನೋ ಕಡೆಗೆ ಒಪ್ಪಂದ ಮಾಡಿಕೊಂಡಿದ್ದವು. ಅದಕ್ಕಿಂತ ಜಾಸ್ತಿ ಬಾಳೋ ಬಲ್ಬು ಮಾಡಿದವರಿಗೆ ದಂಡವನ್ನೂ ಹಾಕ್ತಿದ್ದವು.

ಮುಚ್ಚಿದ ಕಾರ್ಖಾನೆ, ಓಡೋ ಗಾಡಿ

ಕಂಪನಿ ಕೈಬಿಟ್ಟರೆ ಸಾಮಾನು ಸತ್ತಂತೆಯೇ ಅನ್ನೋರಿಗೆ ನಮ್ಮ ಊರಿನಲ್ಲೇ ಉತ್ತರ ಇದೆ. ಆಕಾಶವಾಣಿ ಇರೋ ಅದೇ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಮೋಟಾರ್‌ಸೈಕಲ್ ಕಾರ್ಖಾನೆ ಇತ್ತು. ಗಾಡಿ ತಯಾರಿ ಶುರುವಾದದ್ದು 1961ರಲ್ಲಿ. ಮೊದಲು ಜಾವಾ, ಆಮೇಲೆ ಯಜ್ಡಿ. 1996ರಲ್ಲಿ ಕಾರ್ಖಾನೆ ಮುಚ್ಚಿತು. ಆ ದಿನದಿಂದ ಆ ಗಾಡಿಗಳಿಗೆ ವಾರಂಟಿ ಕೊಡೋರು ಭೂಮಿ ಮೇಲೆ ಯಾರೂ ಇರಲಿಲ್ಲ. ಆದ್ರೂ ಇವತ್ತಿಗೂ ಪ್ರತಿವರ್ಷ ಜುಲೈ ತಿಂಗಳ ಎರಡನೇ ಭಾನುವಾರ ಜಾವಾ ಯಜ್ಡಿ ದಿನ ಅಂತ ಮಾಡ್ತಾರೆ, ಹಳೇ ಗಾಡಿಗಳು ಸಾಲಾಗಿ ಸದ್ದು ಮಾಡ್ಕೊಂಡು ಬರ್ತವೆ. ಅವು ಓಡ್ತಾ ಇರೋದು ಆ ಗಾಡಿಯ ಒಳಗುಟ್ಟು ಗೊತ್ತಿರೋ ಮೆಕ್ಯಾನಿಕ್‌ಗಳು ಇರೋದರಿಂದ, ಬಿಡಿಭಾಗ ಹುಡುಕಿ, ಇಲ್ಲದಿದ್ರೆ ಮಾಡಿಸಿ ಇಟ್ಟುಕೊಂಡಿರೋದರಿಂದ, ಗಾಡಿ ಬಿಚ್ಚೋಕೆ ಬರೋ ಹಾಗೆ ಇರೋದರಿಂದ.

ನಮ್ಮ ಅಡುಗೆಮನೆಯಲ್ಲೂ ಇದೇ ಲೆಕ್ಕ. ಕುಕ್ಕರಿನ ಗ್ಯಾಸ್ಕೆಟ್ ಸಡಿಲ ಆಯ್ತು ಅಂತ ಯಾರಾದ್ರೂ ಕುಕ್ಕರ್ ಬಿಸಾಕ್ತೀವಾ? ಮಿಕ್ಸಿಯ ಕಾರ್ಬನ್ ಬ್ರಷ್ ಸವೆದ್ರೆ, ಜಾರಿನ ಬುಷ್ ಸೋರಿದ್ರೆ ಹಾಕಿಸಿಕೊಂಡು ಬರ್ತೀವಿ. ಎಷ್ಟೋ ಮಿಕ್ಸಿಗಳಿಗೆ ಹತ್ತು ಹದಿನೈದು ವರ್ಷ ಆಗಿದೆ, ವಾರಂಟಿ ಕಾರ್ಡು ಎಲ್ಲಿದೆಯೋ ದೇವರಿಗೇ ಗೊತ್ತು. ಮಿಕ್ಸಿ ವಿಷಯದಲ್ಲಿ ಇಷ್ಟು ಗಟ್ಟಿ ಇರೋ ನಾವು ಸ್ಪೀಕರ್ ವಿಷಯಕ್ಕೆ ಬಂದಾಗ "ಅದು ಮಕ್ಕಳ ಸಾಮಾನು, ನಮಗೇನು ಗೊತ್ತಾಗುತ್ತೆ" ಅಂತ ಹಿಂದೆ ಸರೀತೀವಿ. ಮಕ್ಕಳು "ಬಿಡಮ್ಮ, ಹೊಸದು ತರಿಸ್ತೀನಿ" ಅಂತಾರೆ.

ನಮ್ಮ ಮನೆಯಲ್ಲಿ ಈ ಸ್ಪೀಕರ್ ಮಕ್ಕಳ ಸಾಮಾನಲ್ಲ, ನಮ್ಮತ್ತೆಯವರದು. ಅವರಿಗೆ ಕಿವಿ ಮಂದ. ಭಾನುವಾರ ಸಾಯಂಕಾಲ ದೂರದಲ್ಲಿರೋ ಮಗಳು ವಿಡಿಯೋ ಕರೆ ಮಾಡಿದಾಗ ಫೋನಿನ ಸದ್ದು ಅವರಿಗೆ ಸಾಲದು. ಸ್ಪೀಕರ್ ಹಾಕಿದ್ರೆ ಎಲ್ಲರ ಜೊತೆ ಅವರೂ ಜಗಳ ಆಡ್ತಾರೆ, ನಗ್ತಾರೆ. ಹಾಕದಿದ್ರೆ ಸುಮ್ಮನೆ ತಲೆ ಆಡಿಸ್ಕೊಂಡು ಕೂರ್ತಾರೆ. ಕೊಂಡು ಹದಿಮೂರನೇ ತಿಂಗಳಿಗೆ ಗುಂಯ್ ಅನ್ನೋಕೆ ಶುರುವಾಗಿ, ಆಮೇಲೆ ನಿಂತೇಹೋಯ್ತು. ತಗೊಂಡ ಅಂಗಡಿಯವರು ಪೆಟ್ಟಿಗೆ ತೆಗೆದೂ ನೋಡದೆ "ವಾರಂಟಿ ಮುಗಿದಿದೆ, ಇದನ್ನ ಯಾರೂ ರಿಪೇರಿ ಮಾಡಲ್ಲ" ಅಂದ್ರು. ಮುಗಿದಿದ್ದು ನಿಜ. ಯಾರೂ ಮಾಡಲ್ಲ ಅನ್ನೋದು ನಿಜ ಅಲ್ಲ. ನಮ್ಮ ಬಡಾವಣೆಯಲ್ಲೇ ಟಿವಿ ಸರಿ ಮಾಡೋ ಒಬ್ಬರು ಬಿಚ್ಚಿ ನೋಡಿ, ತಲೆ ಊದಿದ್ದ ಒಂದು ಕಂಡೆನ್ಸರ್ ತೋರಿಸಿ, ಅದನ್ನ ಬದಲಾಯಿಸಿ ಕೊಟ್ಟರು. ಅತ್ತೆ ಮುಂದಿನ ಭಾನುವಾರ ಮಗಳಿಗೆ ಹೇಳಿದ ಮೊದಲ ಮಾತು, "ನಿನ್ನ ದನಿ ಏನೇ ಇಷ್ಟು ಕೆಟ್ಟಿದೆ, ಶೀತ ಆಗಿದ್ಯಾ?" ಅಂತ.

ಒಳಗೆ ಏನು ಕೆಡುತ್ತೆ

ಗೋಡೆಯ ಕರೆಂಟಿಗೆ ಹಾಕೋ ಕಂಪ್ಯೂಟರ್ ಸ್ಪೀಕರಿನ ಒಳಗೆ ಇರೋದು ಇಷ್ಟು: 230 ವೋಲ್ಟನ್ನು ಇಳಿಸೋ ಟ್ರಾನ್ಸ್‌ಫಾರ್ಮರ್ ಅಥವಾ ಅದೇ ಕೆಲಸದ ಚಿಕ್ಕ ಬೋರ್ಡು, ಕರೆಂಟಿನ ಏರಿಳಿತ ಸಮ ಮಾಡೋ ಕಂಡೆನ್ಸರ್, ಧ್ವನಿ ಹೆಚ್ಚಿಸೋ ಒಂದು ಐಸಿ, ವಾಲ್ಯೂಮ್ ಗುಂಡಿ, ತಂತಿ, ಕೊನೆಗೆ ಕಾಗದದ ಆಲಿಕೆಯ ಸ್ಪೀಕರ್. ಕಂಡೆನ್ಸರ್‌ನ ಒಳಗೆ ತೇವದ ರಾಸಾಯನಿಕ ಇರುತ್ತೆ. ಬಿಸಿಗೆ ಅದು ಒಣಗುತ್ತೆ, ಇಲ್ಲಾ ತಲೆ ಊದುತ್ತೆ. 2000ದ ದಶಕದ ಶುರುವಿನಲ್ಲಿ ಕಳಪೆ ಕಂಡೆನ್ಸರ್‌ಗಳು ಪ್ರಪಂಚದಾದ್ಯಂತ ಹರಡಿ ಲೆಕ್ಕವಿಲ್ಲದಷ್ಟು ಕಂಪ್ಯೂಟರ್‌ಗಳು ಕೆಟ್ಟಿದ್ದವು.

ಗುಂಯ್ ಅನ್ನೋ ಸದ್ದು ಬಂದ್ರೆ ಸಾಮಾನ್ಯವಾಗಿ ಕಂಡೆನ್ಸರ್ ಮೇಲೆ ಅನುಮಾನ. ಗುಂಡಿ ತಿರುಗಿಸುವಾಗ ಕರಕರ ಅಂದ್ರೆ ಗುಂಡಿಯಲ್ಲಿ ಧೂಳು. ತಂತಿ ಅಲ್ಲಾಡಿಸಿದ್ರೆ ಬಂದು ಹೋಗಿ ಮಾಡಿದ್ರೆ ಪಿನ್ನಿನ ಬುಡದಲ್ಲಿ ತಂತಿ ತುಂಡಾಗಿದೆ. ಸದ್ದು ಹರಿದ ಹಾಗೆ ಬಂದ್ರೆ ಆಲಿಕೆಯ ಅಂಚಿನ ಸ್ಪಂಜು ಪುಡಿಯಾಗಿದೆ. ಇವುಗಳಲ್ಲಿ ಯಾವುದೂ ಸ್ಪೀಕರ್ ಬಿಸಾಕೋ ಅಂಥ ಕಾಯಿಲೆ ಅಲ್ಲ.

ರಿಪೇರಿಗೆ ಹೊರಡೋ ಮುಂಚೆ ಮನೆಯಲ್ಲೇ ಪರೀಕ್ಷೆ ಮಾಡಿ. ಸ್ಪೀಕರಿನ ಪಿನ್ನನ್ನ ಕಂಪ್ಯೂಟರಿಂದ ತೆಗೆದು ಬೇರೆ ಫೋನಿಗೋ ಟಿವಿಗೋ ಹಾಕಿ. ಅಲ್ಲಿ ಹಾಡಿದ್ರೆ ಕೆಟ್ಟಿರೋದು ಸ್ಪೀಕರ್ ಅಲ್ಲ, ಕಂಪ್ಯೂಟರ್. ಒಂದು ಪಕ್ಕ ಮಾತ್ರ ಹಾಡದಿದ್ರೆ ಎಡಬಲ ಬದಲಾಯಿಸಿ ನೋಡಿ. ಗೋಡೆಯ ಪ್ಲಗ್ ಪಾಯಿಂಟಿನಲ್ಲಿ ಬೇರೆ ಏನಾದ್ರೂ ಹಾಕಿ ಕರೆಂಟು ಇದೆಯಾ ನೋಡಿ. ಒಳಗೆ ಮಾತ್ರ ನೀವು ಕೈ ಹಾಕಬೇಡಿ. ಪ್ಲಗ್ ತೆಗೆದ ಮೇಲೂ ಕಂಡೆನ್ಸರ್‌ನಲ್ಲಿ ಸ್ವಲ್ಪ ಹೊತ್ತು ಕರೆಂಟು ನಿಂತಿರುತ್ತೆ.

ಕಾಗದ ಏನು ಹೇಳುತ್ತೆ

ವಾರಂಟಿ ಮುಗಿದಿದೆಯಾ ಇಲ್ವಾ ಅಂತ ಅಂಗಡಿಯವರ ಬಾಯಿ ಮಾತಿನ ಮೇಲೆ ತೀರ್ಮಾನ ಮಾಡಬೇಡಿ. ಸಾಮಾನ್ಯವಾಗಿ ಲೆಕ್ಕ ಶುರುವಾಗೋದು ಬಿಲ್ಲಿನ ತಾರೀಖಿನಿಂದ. ಬಿಲ್ಲು ಕಳೆದಿದ್ರೆ ಕೆಲವು ಕಂಪನಿಗಳು ಸೀರಿಯಲ್ ನಂಬರ್ ನೋಡಿ, ತಯಾರಾದ ದಿನದಿಂದ ಎಣಿಸಿಬಿಡ್ತವೆ. ಆ ಸ್ಪೀಕರ್ ನಾಲ್ಕು ತಿಂಗಳು ಗೋದಾಮಿನಲ್ಲಿ ಕೂತಿದ್ರೆ ಆ ನಾಲ್ಕು ತಿಂಗಳೂ ನಿಮ್ಮ ಲೆಕ್ಕಕ್ಕೆ. ಆದ್ದರಿಂದ ಬಿಲ್ಲು ಹುಡುಕಿ. ಸಿಗಲಿಲ್ಲ ಅಂದ್ರೆ ಆರ್ಡರಿನ ಇಮೇಲ್, ಯುಪಿಐ ಅಥವಾ ಬ್ಯಾಂಕಿನ ಲೆಕ್ಕ ಕೊಂಡ ದಿನಕ್ಕೆ ಸಾಕ್ಷಿ. 2011ರ ಪೊಟ್ಟಣ ಸಾಮಾನುಗಳ ನಿಯಮದ ಪ್ರಕಾರ ಪೆಟ್ಟಿಗೆ ಮೇಲೆ ಗ್ರಾಹಕರು ದೂರು ಹೇಳಬೇಕಾದ ವಿಳಾಸ, ಫೋನ್ ನಂಬರ್ ಇರಲೇಬೇಕು. ಒಂದು ವರ್ಷ ಆ ಪೆಟ್ಟಿಗೆ ಅಟ್ಟದ ಮೇಲಿರಲಿ.

ಅವಧಿ ಮುಗಿಯೋಕೆ ಎರಡು ದಿನ ಇರುವಾಗ ತೊಂದರೆ ಶುರುವಾದ್ರೂ ಸರಿ, ಅವತ್ತೇ ಬರಹದಲ್ಲಿ ದೂರು ಕೊಡಿ. ಬಾಯಲ್ಲಿ ಹೇಳಿ ಬಂದ್ರೆ ನಾಳೆ "ನೀವು ಬಂದೇ ಇರಲಿಲ್ಲ" ಅಂದ್ರೆ ಮುಗೀತು. ದೂರಿನ ನಂಬರು, ಸಾಮಾನು ಒಪ್ಪಿಸಿದ ಚೀಟಿ ಇಸ್ಕೊಳ್ಳಿ. ಅವಧಿಯೊಳಗೆ ದೂರು ಕೊಟ್ಟಿದ್ದು ದಾಖಲೆ ಇದ್ರೆ, ಅವರು ತಡ ಮಾಡಿ ಆಮೇಲೆ "ಈಗ ಮುಗಿದಿದೆ" ಅನ್ನೋದಕ್ಕೆ ಬಲ ಇಲ್ಲ.

ನಮ್ಮ ದೇಶದ ಗ್ರಾಹಕ ಸಂರಕ್ಷಣಾ ಕಾಯ್ದೆ ಬಂದದ್ದು 1986ರಲ್ಲಿ. ಅದಕ್ಕೆ ರಾಷ್ಟ್ರಪತಿಗಳ ಅಂಕಿತ ಬಿದ್ದ ಡಿಸೆಂಬರ್ 24ನೇ ತಾರೀಖನ್ನೇ ಗ್ರಾಹಕರ ದಿನ ಅಂತ ಮಾಡೋದು. ನಮ್ಮ ಊರಿನಲ್ಲೂ ಮೈಸೂರು ಗ್ರಾಹಕರ ಪರಿಷತ್ತು ಅಂತ ಸಂಘ ಕಟ್ಟಿ ಗ್ರಾಹಕರ, ನಾಗರಿಕರ ಪರವಾಗಿ ಕೆಲಸ ಮಾಡಿದವರಿದ್ದಾರೆ. ಈಗ ಜಾರಿಯಲ್ಲಿರೋದು 2019ರ ಹೊಸ ಕಾಯ್ದೆ, 2020ರ ಜುಲೈ 20ರಿಂದ. ಅದರಲ್ಲಿ ನಾವು ತಿಳ್ಕೊಬೇಕಾದ ನಾಲ್ಕು ವಿಷಯ ಇವೆ. ಬಿಲ್ಲು ಕೊಡದೆ ಇರೋದು, ನೆರವೇರಿಸೋ ಸಾಧ್ಯತೆಯೇ ಇಲ್ಲದ ವಾರಂಟಿ ಹೇಳಿ ಮಾರೋದು, ಎರಡೂ ಅನುಚಿತ ವ್ಯಾಪಾರ. ದೂರು ಹಾಕೋಕೆ ಕಾರಣ ಹುಟ್ಟಿದ ದಿನದಿಂದ ಎರಡು ವರ್ಷ ಕಾಲಾವಕಾಶ ಇದೆ, ಅಂದ್ರೆ ಒಂದು ವರ್ಷದ ವಾರಂಟಿ ಮುಗಿದ ದಿನವೇ ಆ ಬಾಗಿಲು ಮುಚ್ಚಲ್ಲ. ಆನ್‌ಲೈನಲ್ಲಿ ಎಲ್ಲಿಂದಲೋ ತರಿಸಿದ್ರೂ ನೀವು ಇರೋ ಊರಿನ ಜಿಲ್ಲಾ ಆಯೋಗದಲ್ಲೇ ದೂರು ಹಾಕಬಹುದು. ವಕೀಲರೇ ಬೇಕು ಅಂತಿಲ್ಲ, ಐದು ಲಕ್ಷ ರೂಪಾಯಿ ತನಕದ ಖರೀದಿಗೆ ಶುಲ್ಕವೂ ಇಲ್ಲ.

ಹಾಗಂತ ಪುಟ್ಟ ಸ್ಪೀಕರಿಗಾಗಿ ಆಯೋಗದ ಮೆಟ್ಟಿಲು ಹತ್ತಿ ಅಂತ ನಾನು ಹೇಳಲ್ಲ. ಮೊದಲು ಕಂಪನಿಗೆ ಬರೆಯಿರಿ. ಸ್ವಲ್ಪ ದಿನ ಮಾತ್ರ ಮೀರಿದ್ರೆ ಕೇಳಿದವರಿಗೆ ಒಪ್ಪಿಕೊಡೋದೂ ಉಂಟು, ಕೇಳದವರಿಗೆ ಯಾರೂ ಕರೆದು ಕೊಡಲ್ಲ. ಉತ್ತರ ಬರದಿದ್ರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಹೇಳಬಹುದು. ಅವಧಿ ಮುಗಿದು ಬಹಳ ದಿನ ಆಗಿದೆ, ಸಾಮಾನು ಚಿಕ್ಕದು ಅಂದ್ರೆ ಹತ್ತಿರದ ರಿಪೇರಿಯವರೇ ಸರಿ. ಬಿಚ್ಚೋ ಮುಂಚೆ ಎಷ್ಟಾಗಬಹುದು ಅಂತ ಕೇಳಿ, ಬದಲಾಯಿಸಿದ ಹಳೇ ಭಾಗ ವಾಪಸ್ ಇಸ್ಕೊಳ್ಳಿ. ಹೊಸದರ ಬೆಲೆಯ ಅರ್ಧಕ್ಕಿಂತ ಮೇಲೆ ಹೇಳಿದ್ರೆ ಯೋಚನೆ ಮಾಡಿ. ಅವಧಿ ಇನ್ನೂ ಇರುವಾಗ ಮಾತ್ರ ಹೊರಗೆ ಬಿಚ್ಚಿಸಬೇಡಿ. ನಮ್ಮಲ್ಲಿ ಅದೇ ನೆಪ ಹೇಳಿ ವಾರಂಟಿ ಇಲ್ಲ ಅಂತಾರೆ.

2022ರಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ರಿಪೇರಿ ಹಕ್ಕಿನ ಬಗ್ಗೆ ಒಂದು ಸಮಿತಿ ಮಾಡಿ, ಅದೇ ವರ್ಷದ ಗ್ರಾಹಕರ ದಿನ ಒಂದು ಜಾಲತಾಣವನ್ನೂ ತೆರೆಯಿತು. ಯಾವ ಕಂಪನಿಯ ಸಾಮಾನನ್ನ ಎಲ್ಲಿ ರಿಪೇರಿ ಮಾಡಿಸಬಹುದು ಅನ್ನೋ ವಿವರ ಅದರಲ್ಲಿ ಸಿಗಬೇಕು ಅನ್ನೋದು ಉದ್ದೇಶ. ಅಜ್ಜಿಯಂದಿರು ಕೇಳ್ತಿದ್ದ ಬಾಳಿಕೆಯ ಪ್ರಶ್ನೆಯೇ ಈಗ ಸರ್ಕಾರದ ಕಡತಕ್ಕೆ ಬಂದಿದೆ ಅನ್ನಿ.

ಏನು ಮಾಡಿದ್ರೂ ಸರಿ ಹೋಗದ ಸ್ಪೀಕರನ್ನ ಹಸಿ ಕಸ, ಒಣ ಕಸ ಯಾವುದಕ್ಕೂ ಹಾಕಬೇಡಿ. ಒಳಗಿನ ಬೆಸುಗೆಯಲ್ಲಿ ಸೀಸ ಇರಬಹುದು. ವಿದ್ಯುನ್ಮಾನ ತ್ಯಾಜ್ಯದ ಹೊಸ ನಿಯಮ 2023ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ, ಹಳೇ ಎಲೆಕ್ಟ್ರಾನಿಕ್ ಸಾಮಾನಿನ ವಿಲೇವಾರಿಯ ಹೊಣೆ ತಯಾರಕರ ಮೇಲಿದೆ. ಇ-ತ್ಯಾಜ್ಯ ತಗೊಳ್ಳೋರಿಗೇ ಕೊಡಿ. ಅದಕ್ಕೂ ಮುಂಚೆ ರಿಪೇರಿಯವರನ್ನ ಕೇಳಿ. ಅದರ ತಂತಿ, ಅಯಸ್ಕಾಂತ, ಗುಂಡಿ ಇನ್ನೊಬ್ಬರ ಸ್ಪೀಕರಿಗೆ ಆಗಬಹುದು.

ಹೊಸ ಸ್ಪೀಕರ್ ತಗೊಳ್ಳುವಾಗ ಅಂಗಡಿಯಲ್ಲಿ ಎರಡು ಪ್ರಶ್ನೆ ಕೇಳೋಣ. ಎಷ್ಟು ವರ್ಷ ವಾರಂಟಿ ಅನ್ನೋದು ಒಂದು. ಕೆಟ್ಟರೆ ಇದನ್ನ ಬಿಚ್ಚೋಕೆ ಬರುತ್ತಾ, ಬಿಡಿಭಾಗ ಮೈಸೂರಿನಲ್ಲಿ ಸಿಗುತ್ತಾ ಅನ್ನೋದು ಇನ್ನೊಂದು. ಬಿಲ್ಲಿನ ಫೋಟೋ ತೆಗೆದು ಇಟ್ಕೊಳ್ಳಿ, ಆ ಕಾಗದದ ಶಾಯಿ ವರ್ಷದೊಳಗೇ ಮಾಸಿಹೋಗುತ್ತೆ. ನಿಮ್ಮ ಬಡಾವಣೆಯಲ್ಲಿ ಬೆಸುಗೆ ಕಡ್ಡಿ ಹಿಡಿಯೋರು ಯಾರಿದ್ದಾರೆ ಅಂತ ಅತ್ತಿಗೆ ನಾದಿನಿಯರಿಗೆ, ಸೊಸೆಗೆ, ಪಕ್ಕದ ಮನೆಯವರಿಗೆ ಹೇಳಿ. ನಾಲ್ಕು ಜನ ಹೋದ್ರೆ ಅವರ ಅಂಗಡಿಯೂ ನಡೆಯುತ್ತೆ, ಮುಂದಿನ ಸಲ ನಮ್ಮ ಮನೆಯದು ಕೆಟ್ಟಾಗ ಅವರು ಅಲ್ಲೇ ಇರ್ತಾರೆ.